ರವಿಕೆಯೊಳಗಿನ ಮೂರು ಹೊಲಿಗೆ

ಮಹಾಜನಗಳೇ, ಇವತ್ತು ಮಧ್ಯಾಹ್ನ ಹೊಳೆನರಸೀಪುರದ ಟೈಲರ್ ಅಂಗಡಿಯಲ್ಲಿ, ಟ್ರಯಲ್ ಪರದೆಯ ಹಿಂದೆ, ಹೊಸ ರವಿಕೆಯ ತೋಳಿಗೆ ನನ್ನ ಬಲಗೈ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು! ಭಾನುವಾರ ತಂಗಿಯ ಮದುವೆ.

ಅಳತೆ ಕೊಟ್ಟಿದ್ದು ಎರಡು ತಿಂಗಳ ಹಿಂದೆ. ಆಮೇಲೆ ಜಿಮ್ಮಿನಲ್ಲಿ ಹೆಚ್ಚು ತೂಕ ಎತ್ತಬೇಕೆಂದು ಬೇಕೆಂದೇ ಜಾಸ್ತಿ ಉಣ್ಣುತ್ತಾ ಬಂದೆ. ಎಪ್ಪತ್ತು ಕೆಜಿ ಎತ್ತುತ್ತಿದ್ದವಳು ಈಗ ತೊಂಬತ್ತು ಎತ್ತುತ್ತೇನೆ. ಎತ್ತುವಾಗ ನಾನೇ ಚಕ್ರವರ್ತಿ! ಕನ್ನಡಿ ಮುಂದೆ ಮಾತ್ರ ಹೊಟ್ಟೆ ಒಳಕ್ಕೆಳೆದುಕೊಂಡು ನಿಂತ ಕಳ್ಳಿ.

ಸೀರೆಗೆ ಫಾಲ್ಸ್ ಹಾಕಿಸಲು ಬಂದಿದ್ದ ಎದುರುಮನೆ ಸಾವಿತ್ರಮ್ಮ ಪರದೆ ಸಂದಿಯಿಂದ ಇಣುಕಿದರು. "ಏನವ್ವ ಇಂಗೆ ಊದ್ಬುಟ್ಟಿದ್ದೀಯ! ಮದ್ವೆ ಮುಗಿಯೋಗಂಟ ಮುದ್ದೆ ಬಿಡು."

ಇವತ್ತಿನಿಂದಲೇ ಉಪವಾಸ ಎಂದು ನಾನು ಒಳಗೇ ಘೋರ ಪ್ರತಿಜ್ಞೆ ಮಾಡಿದೆ. ಸುಳ್ಳೇಕೆ, ಕಣ್ಣೂ ತುಂಬಿತ್ತು.

ಟೈಲರ್ ಜಯಕ್ಕ ಬಂದವಳೇ ರವಿಕೆ ಬಿಡಿಸಿ, ಒಳಮೈ ತಿರುವಿ, ಬ್ಲೇಡಿನಿಂದ ಒಂದು ಹೊಲಿಗೆ ಸರ್ರನೆ ಕಿತ್ತಳು. "ಆಕ್ಕೋ ಈಗ."

ಕೈ ಸಲೀಸಾಗಿ ಹೋಯಿತು!

"ಕಬ್ಬಿಣ ಎತ್ತೋಳು ಬೆಳೀದೆ ಇರ್ತೀಯಾ? ಅದ್ಕೇ ಒಳಗೆ ಬಟ್ಟೆ ಬಿಟ್ಟು ಮೂರು ಹೊಲಿಗೆ ಆಕಿದ್ದೆ ಕಣವ್ವ," ಎಂದಳು ಜಯಕ್ಕ. ಆಮೇಲೆ ಪರದೆ ಕಡೆ ತಿರುಗಿ, "ಸಾವಿತ್ರಮ್ಮಾರೇ, ಓದ್ವರ್ಸ ನಿಮ್ದು ಎರಡು ಬಿಚ್ಚಿದ್ದೀನಿ, ಸುಮ್ಕಿರಿ!"

ಪ್ರತಿಜ್ಞೆ ಅಲ್ಲೇ ಮುರಿದುಬಿತ್ತು. ಮನೆಗೆ ಬಂದು ಎರಡು ಮುದ್ದೆ ಉಂಡಿದ್ದೇನೆ. ರವಿಕೆ ಹಿಡಿದಿಡುವ ಕೊನೆಯದನ್ನು ಬಿಟ್ಟರೂ, ಬಿಚ್ಚುವುದಕ್ಕೆ ಇನ್ನೂ ಒಂದು ಹೊಲಿಗೆ ಇದೆಯಲ್ಲ!