ಚೀಟಿಯಿಲ್ಲದ ಪ್ಲೇಟು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಗ್ರಾಮಫೋನು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹಾಡು ಮಾರುವ ಸುಖದ ಕೆಲಸವೆಂದು ನಮ್ಮೂರು ಸೊರಬದ ನೆಂಟರು ತಿಳಿದಿದ್ದರು. ನಾನು ಹೆಚ್ಚು ಹೊತ್ತು ಮಾಡುತ್ತಿದ್ದದ್ದು ಹಾಡು ಒಡೆಯುವ ಕೆಲಸ.

ಆಗಿನ ಪ್ಲೇಟುಗಳು ಅರಗಿನವು. ಸವೆದವು, ಬಿರುಕು ಬಿಟ್ಟವು ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಚೂರು ಮಾಡಿ, ಗೋಣಿಚೀಲಕ್ಕೆ ತುಂಬಿ, ಪ್ಲೇಟು ಒತ್ತುವ ಕಾರ್ಖಾನೆಗೆ ವಾಪಸು ಕಳಿಸುತ್ತಿದ್ದೆವು. ಅಲ್ಲಿ ಪುಡಿ ಮಾಡಿ, ಕಾಯಿಸಿ, ರೊಟ್ಟಿ ಹಿಟ್ಟಿನಂತೆ ನಾದಿ, ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಹೊಸ ಹಾಡು. ನಡುವಿನ ಚೀಟಿಯ ಕಾಗದ ಸೇರಿದರೆ ಅರಗು ಕೆಡುತ್ತದೆಂದು ಅವರ ತಕರಾರು. ಹಾಗಾಗಿ ಮೊದಲು ಚೀಟಿಯನ್ನು ನೆನೆಸಿ ಕೆರೆಯಬೇಕು, ಆಮೇಲೆ ಸುತ್ತಿಗೆ. ಚೀಟಿಯಿಲ್ಲದ ಪ್ಲೇಟು ಕಂಡರೆ ಕೈ ತಾನಾಗಿಯೇ ಸುತ್ತಿಗೆಗೆ ಹೋಗುವಷ್ಟು ರೂಢಿಯಾಗಿತ್ತು.

ನನ್ನ ಅಕ್ಕ ಮದುವೆಗೆ ಮುಂಚೆ ಒಂದೇ ಒಂದು ಪ್ಲೇಟಿಗೆ ಹಾಡಿದ್ದಳು. ಅಪ್ಪ ಹಾಡಲು ಬಿಟ್ಟದ್ದೇ ದೊಡ್ಡದು. ಆದರೆ ಮನೆಗೆ ತಂದ ಪ್ರತಿಯ ಚೀಟಿಯನ್ನು ಬ್ಲೇಡಿನಿಂದ ಕೆರೆದು ಹಾಕಿದರು. ಬಂದು ಹೋಗುವವರು ಮಗಳ ಹಾಡು ಕೇಳಿದರೆ ಅಡ್ಡಿಯಿಲ್ಲ, ಹೆಸರು ಓದಬಾರದಂತೆ. ಅವರ ಮರ್ಯಾದೆ ಅಂಥ ಜಾಗದಲ್ಲೆಲ್ಲ ಇರುತ್ತಿತ್ತು.

ಅಪ್ಪ ಹೋದ ಕೆಲವು ವರ್ಷಕ್ಕೆ ಅಕ್ಕ ಹೆರಿಗೆಯಲ್ಲಿ ಹೋದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು ಹಾಕಬಾರದೆಂದು ಅಮ್ಮ ಗ್ರಾಮಫೋನಿಗೆ ಬಟ್ಟೆ ಹೊದಿಸಿ, ಸೊರಬದ ಮನೆಯಲ್ಲಿ ದಿನ ಎಣಿಸುತ್ತಿದ್ದಳು. ವರ್ಷ ತುಂಬಿದ ಮಾರನೇ ದಿನ ಮಗಳ ದನಿ ಕೇಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಇನ್ನೊಂದು ಪ್ರತಿಗಾಗಿ ನಾನು ಕಾರ್ಖಾನೆಗೆ ಬರೆದೂ ನೋಡಿದ್ದೆ. ಮಾರಾಟವಾಗದ ಹಾಡುಗಳ ಅಚ್ಚನ್ನು ಅವರು ಇಟ್ಟುಕೊಳ್ಳುವುದಿಲ್ಲವಂತೆ.

ಆ ದಿನ ಹತ್ತಿರ ಬಂದಾಗ, ಪ್ಲೇಟು ಸರಿಯಿದೆಯೋ ಇಲ್ಲವೋ ನೋಡೋಣವೆಂದು ಅಂಗಡಿಗೆ ತಂದೆ. ಹೊಸ ಸೂಜಿ ಹಾಕಿ ಎರಡೂ ಬದಿ ಪೂರ್ತಿ ಓಡಿಸಿದೆ. ಅಷ್ಟರಲ್ಲಿ ಗಿರಾಕಿ ಬಂದರು. ಪ್ಲೇಟನ್ನು, ಚೀಟಿ ಕೆರೆದವು ಬಿದ್ದಿದ್ದ ಮೇಜಿನ ಮೇಲಿಟ್ಟು ಎದ್ದೆ. ಅವರು ಹೋದ ಮೇಲೆ ಅದೇ ಮೇಜಿಗೆ ಕೂತು, ಬಿಟ್ಟಿದ್ದ ಒಡೆಯುವ ಕೆಲಸ ಮುಗಿಸಿದೆ. ಸಂಜೆ ಬಾಗಿಲು ಹಾಕುವಾಗ ಗ್ರಾಮಫೋನಿನ ಪಕ್ಕ ಖಾಲಿ ಕವರು ಕಂಡಿತು.

ಚೀಲ ಸುರಿದೆ. ಎಲ್ಲ ಚೂರೂ ಕಪ್ಪು, ಎಲ್ಲದರ ಮೇಲೂ ಸಣ್ಣ ಗೆರೆ. ಇದರಲ್ಲಿ ಅಕ್ಕನದು ಯಾವುದು? ಅಳು ಬರಲಿಲ್ಲ. ಎಲ್ಲವನ್ನೂ ಮತ್ತೆ ತುಂಬಿ ಚೀಲದ ಬಾಯಿ ಹೊಲಿದೆ. ಸೊರಬದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಕೂತೆ. ನನಗೆ ಏನೂ ಅನ್ನಿಸಲಿಲ್ಲ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಇವತ್ತಿಗೂ ಅಸಹ್ಯ.

ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ಸೊಪ್ಪು ಸೋಸುತ್ತಿದ್ದವಳು ಸೋಸುತ್ತಲೇ ಇದ್ದಳು. ಹಾಗೆಯೇ ಕೇಳಿದಳು:

"ಒಡ್ಯಕ್ ಮುಂಚೆ ಹಾಕಿ ಕೇಳಿದ್ಯಾ?"

"ಹೂಂ. ಎರಡೂ ಕಡೆ."

"ಹೆಂಗಿತ್ತು ಅವಳ ದನಿ? ಹೇಳು."

ಹೇಳಲು ಬಾಯಿ ತೆರೆದೆ. ಅಂಗಡಿಯವನ ಕಿವಿ ನನ್ನದು. ಅದು ಅಷ್ಟು ಹೊತ್ತೂ ಕಾದಿದ್ದದ್ದು ಗೀರಿನ ಸದ್ದಿಗೆ. ಅಕ್ಕ ಹಾಡಿದ್ದು ಅದರೊಳಗೆ ಹೋಗಿರಲೇ ಇಲ್ಲ.

"ಸೂಜಿ ಎಲ್ಲೂ ಹಾರ್ಲಿಲ್ಲ ಅಮ್ಮ," ಅಂದೆ.