ಕಪ್ಪೆ ಕೊಯ್ದವರು ಯಾರು

ಅಥಣಿ ಕಡೆಯ ಆ ಸಣ್ಣ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ನಾವಿದ್ದದ್ದು ಮೂವರೇ. ಸಸ್ಯಶಾಸ್ತ್ರ ಕಲಿಸುತ್ತಿದ್ದ ವಿಭಾಗದ ಮುಖ್ಯಸ್ಥರು, ಪ್ರಾಣಿಶಾಸ್ತ್ರದ ಹಿರಿಯ ಸರ್, ಮತ್ತೆ ಅದೇ ಪ್ರಾಣಿಶಾಸ್ತ್ರಕ್ಕೆ ಟೆಂಪರರಿ ಎಂದು ಸೇರಿಕೊಂಡ ನಾನು. ಮುಖ್ಯಸ್ಥರಿಗೆ ಐಗಳಿಯಲ್ಲಿ ದ್ರಾಕ್ಷಿ ತೋಟವಿತ್ತು. ಪಾಠ ಯಾವ ಗಿಡದಿಂದ ಶುರುವಾದರೂ ದ್ರಾಕ್ಷಿಗೆ ಬಂದೇ ಮುಗಿಯುತ್ತಿತ್ತು. ಕೆಟ್ಟವರೇನಲ್ಲ. ತೋಟದ ಬೇಲಿಯಾಚೆ ನಡೆಯುವುದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೆ. ಹಿರಿಯ ಸರ್ ಬಗ್ಗೆ ಹೀಗೆ ತಣ್ಣಗೆ ಹೇಳಲು ನನ್ನಿಂದಾಗದು. ಇವತ್ತಿಗೂ ಅವರನ್ನು ನೆನೆದರೆ ಮೈ ಉರಿಯುತ್ತದೆ.

ಅದು ಎಂಬತ್ತರ ದಶಕದ ಕೊನೆ. ನಾನು ಶೇಡಬಾಳದ ಜೈನರ ಮನೆಯ ಹುಡುಗಿ. ಹೊತ್ತು ಮುಳುಗಿದ ಮೇಲೆ ಊಟ ಮಾಡದ, ಗಡ್ಡೆ ಗೆಣಸು ಒಳಗೆ ತರದ ಮನೆ ನಮ್ಮದು. ಅಂಥ ಮನೆಯವಳು ಪ್ರಾಣಿಶಾಸ್ತ್ರ ಯಾಕೆ ಓದಿದೆ ಎಂದು ಕಂಡವರೆಲ್ಲ ಕೇಳುತ್ತಿದ್ದರು. ಇಷ್ಟವಾಯಿತು, ಓದಿದೆ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನಗೆ ಬೇಕಿದ್ದದ್ದು ಒಂದೇ, ಆ ಕೆಲಸ ಪರ್ಮನೆಂಟ್ ಆಗುವುದು. ಹಾಗಾದರೆ ಮನೆಯಲ್ಲಿ ನಡೆಯುವ ಮದುವೆ ಮಾತಿಗೆ ನನ್ನದೂ ಒಂದು ಮಾತು ಸೇರಬಹುದಿತ್ತು.

ಕಾಲೇಜಿನ ಚೇರ್ಮನ್ನರೂ ನಮ್ಮ ಸಮಾಜದವರೇ, ಅಪ್ಪನಿಗೆ ಗುರುತಿನವರು. ಪಠ್ಯದಲ್ಲಿ ಕಪ್ಪೆ ಕೊಯ್ಯುವುದು ಇದೆ, ಅದನ್ನು ತಪ್ಪಿಸಲಾಗದು ಎಂದು ಅವರು ಒಪ್ಪಿಕೊಂಡಿದ್ದರು. ಆದರೆ ನನ್ನನ್ನು ಸೇರಿಸಿಕೊಳ್ಳುವಾಗ, ಆ ಕೆಲಸ ನಮ್ಮ ಹುಡುಗಿಯ ಕೈಯಿಂದ ಆಗಬಾರದು ಎಂದು ಹಿರಿಯ ಸರ್‌ಗೆ ಹೇಳಿದ್ದರು. ಆಯಿತೆಂದು ಸರ್ ತಲೆಯಾಡಿಸಿದರು. ಮೊದಲನೇ ಪ್ರ್ಯಾಕ್ಟಿಕಲ್ ದಿನ ನನ್ನನ್ನು ಬದಿಗೆ ಕರೆದು, ರಕ್ತ ಕಂಡರೆ ತಮಗೆ ತಲೆ ತಿರುಗುತ್ತದೆ, ಹೇಗಾದರೂ ಸುಧಾರಿಸಿ ಎಂದರು. ಹೊರಗೆ ಕೇಳಿದವರಿಗೆ ತಾವೇ ಕೊಯ್ದದ್ದು ಎಂದು ಹೇಳುವುದಾಗಿಯೂ, ನನ್ನ ಹೆಸರು ಬಾರದಂತೆ ನೋಡಿಕೊಳ್ಳುವುದಾಗಿಯೂ ಸೇರಿಸಿದರು. ನನಗದು ಉಪಕಾರದಂತೆ ಕಂಡಿತು. ಕೈಮುಗಿದು ಥ್ಯಾಂಕ್ಸ್ ಬೇರೆ ಹೇಳಿದೆ.

ಅಲ್ಲಿಂದ ಐದಾರು ವರ್ಷ ಅದೇ ಪದ್ಧತಿ. ಅಷ್ಟಮಿ, ಚತುರ್ದಶಿ ನಮ್ಮವರ ವ್ರತದ ದಿನ, ಕೊಯ್ಯುವಂತಿಲ್ಲ. ದಶಲಕ್ಷಣ ಪರ್ವದ ಹತ್ತು ದಿನ ಲ್ಯಾಬಿಗೇ ಬೀಗ. ನಮ್ಮ ಕಾಲೇಜಿನ ಕಪ್ಪೆಗಳು ಪಂಚಾಂಗ ನೋಡಿ ಸಾಯುತ್ತಿದ್ದವು. ಉಳಿದ ದಿನಗಳಲ್ಲಿ ಕಾಲುವೆ ಕಡೆಯಿಂದ ಕಪ್ಪೆಯ ಚೀಲ ಬರುತ್ತಿತ್ತು. ಕಿಟಕಿ ಮುಚ್ಚಿ, ಕ್ಲೋರೋಫಾರ್ಮ್ ಹಾಕಿ, ಮೇಣದ ತಟ್ಟೆಯ ಮೇಲೆ ಕೈಕಾಲಿಗೆ ಪಿನ್ನು ಚುಚ್ಚಿ, ಒಂದು ನರವೂ ಹರಿಯದಂತೆ ನಾನು ಬಿಡಿಸಿ ತೋರಿಸುತ್ತಿದ್ದೆ. ಹಿರಿಯ ಸರ್ ಹೊರಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಎಲ್ಲ ಮುಗಿದ ಮೇಲೆ ಒಳಗೆ ಬಂದು ಊದುಬತ್ತಿ ಹಚ್ಚುವುದು ಮಾತ್ರ ಅವರ ಪಾಲಿನ ಕೆಲಸ.

ಆ ದಿನಗಳಲ್ಲಿ ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು, ಊಟದ ಹೊತ್ತು ಮೀರಿರುತ್ತಿತ್ತು. ಸ್ನಾನ ಮಾಡಿ ಹಸಿದ ಹೊಟ್ಟೆಯಲ್ಲೇ ಮಲಗುತ್ತಿದ್ದೆ. ಅವ್ವ ಏನೂ ಕೇಳುತ್ತಿರಲಿಲ್ಲ. ಸೀರೆಗೆ ಅಂಟಿದ ಲ್ಯಾಬಿನ ವಾಸನೆ ಅವಳಿಗೆ ಗೊತ್ತಾಗುತ್ತಿರಲಿಲ್ಲ ಎಂದು ನಂಬಲಾರೆ. ಪಾಪ ಪುಣ್ಯದ ಲೆಕ್ಕ ನನ್ನನ್ನೂ ಕಾಡುತ್ತಿತ್ತು. ಪರ್ಮನೆಂಟ್ ಆಗಲಿ, ಆಮೇಲೆ ನೋಡೋಣ ಎಂದು ಅದನ್ನು ಮುಂದೆ ತಳ್ಳುತ್ತಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ಕಡೆಗೂ ಹುದ್ದೆ ಮಂಜೂರಾಯಿತು, ಸಂದರ್ಶನ ಇಟ್ಟರು. ಮೇಜಿನ ಆಚೆ ಚೇರ್ಮನ್ನರು, ಹೊರಗಿನಿಂದ ಬಂದ ವಿಷಯ ತಜ್ಞರು, ಅವರ ಪಕ್ಕದಲ್ಲಿ ನಮ್ಮ ಹಿರಿಯ ಸರ್. ಪಾಠದ ಪ್ರಶ್ನೆಗಳೆಲ್ಲ ಸಲೀಸಾಗಿ ಮುಗಿದವು. ಆಮೇಲೆ ತಜ್ಞರು, ಪ್ರ್ಯಾಕ್ಟಿಕಲ್ ಅನುಭವ ಎಷ್ಟಿದೆ, ಸ್ವಂತ ಕೈಯಿಂದ ಡಿಸೆಕ್ಷನ್ ಮಾಡಿದ್ದೀರಾ ಎಂದು ಕೇಳಿದರು. ನಾನು ಹಿರಿಯ ಸರ್ ಮುಖ ನೋಡಿದೆ. ಅವರೊಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದರು. ಚೇರ್ಮನ್ನರ ಎದುರು ಬಾಯಿ ಬಿಡುವುದು ಕಷ್ಟವಿತ್ತು, ಬಿಡದಿದ್ದರೆ ಕೆಲಸ ಹೋಗುತ್ತಿತ್ತು. ಇಷ್ಟೂ ವರ್ಷ ನಾನೇ ಕೊಯ್ದಿದ್ದೇನೆ ಎಂದುಬಿಟ್ಟೆ.

ಚೇರ್ಮನ್ನರ ಮುಖ ಕಪ್ಪಿಟ್ಟಿತು. ಸಿಟ್ಟಾಗಲಿಲ್ಲ. ಹಿರಿಯ ಸರ್ ಕಡೆ ತಿರುಗಿ, "ಸರ್, ನಾನ ಕೊಯ್ತೇನಿ ಅಂತ ನೀವ ಹೇಳಿದ್ರೆಲ್ರಿ?" ಎಂದರು.

"ಹೌದ್ರಿ, ನಾನ ಕೊಯ್ತೇನ್ರಿ. ಮೇಡಂ ಬಾಜೂಕ ನಿಂತಿರ್ತಾರ್ರಿ," ಎಂದರು ಸರ್. ನನ್ನ ಕಡೆ ನೋಡಲೂ ಇಲ್ಲ. ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು.

ತಜ್ಞರ ಲೆಕ್ಕದಲ್ಲಿ ನಾನು ಅನುಭವವಿಲ್ಲದ ಸುಳ್ಳುಗಾರ್ತಿ. ಚೇರ್ಮನ್ನರ ಲೆಕ್ಕದಲ್ಲಿ, ಕೆಲಸದ ಆಸೆಗೆ ಮಾಡದ ಪಾಪವನ್ನೂ ಮೈಮೇಲೆ ಎಳೆದುಕೊಳ್ಳುವ ಹುಡುಗಿ. ಹುದ್ದೆ ಚಿಕ್ಕೋಡಿ ಕಡೆಯ ಒಬ್ಬರಿಗೆ ಹೋಯಿತು. ಮೀನಿನ ಬಗ್ಗೆ ಓದಿದವರು, ಡಿಗ್ರಿ ಮುಗಿದ ಮೇಲೆ ಕಪ್ಪೆ ಮುಟ್ಟಿದವರಲ್ಲ. ನಾನು ಮನೆಯಲ್ಲಿ ಕೂತೆ. ಹಿರಿಯ ಸರ್ ಮೇಲಿನ ದ್ವೇಷ ಎಷ್ಟಿತ್ತೆಂದರೆ, ರೊಟ್ಟಿ ಬಡಿಯುವಾಗ ನನ್ನ ಅಂಗೈ ಕೆಂಪಾಗುತ್ತಿತ್ತು.

ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಅದೇ ಸರ್ ನಮ್ಮ ಮನೆಗೇ ಬಂದರು. ನಾಚಿಕೆ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. ಹೊಸಬರ ಕೈ ನಡುಗುತ್ತದೆ, ಹೊರಗಿನ ಪರೀಕ್ಷಕರು ಬರುತ್ತಾರೆ, ಒಂದೇ ದಿನದ ಮಟ್ಟಿಗೆ ಬಂದು ಎಲ್ಲ ತಯಾರಿ ಮಾಡಿಕೊಟ್ಟು ಹೋಗಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಹುಡುಗರ ಮಾರ್ಕ್ಸಿನ ಮಾತೂ ಆಡಿದರು. ಆ ಹುಡುಗರು ನನ್ನ ಹತ್ತಿರವೇ ಕಲಿತವರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನೀವ ಕೊಯ್ತೀರೆಲ್ರಿ ಸರ್. ಹಂಗ ಕೊಯ್ರಿ," ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಒಂದು ಮಾತಿನ ಸಂತೋಷದಲ್ಲಿ ನಾನು ಸುಮಾರು ದಿನ ಕಳೆದೆ. ನಾನಿಲ್ಲದೆ ಆ ಲ್ಯಾಬ್ ನಡೆಯುವುದಿಲ್ಲ, ಪರೀಕ್ಷಕರೆದುರು ಮಾನ ಹೋಗುತ್ತದೆ, ಆಗ ಎಲ್ಲರಿಗೂ ನಿಜ ಗೊತ್ತಾಗುತ್ತದೆ ಎಂದುಕೊಂಡು ಖುಷಿಪಟ್ಟೆ.

ಬೇಸಿಗೆ ಕಳೆದ ಮೇಲೆ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ವಿಭಾಗದ ಮುಖ್ಯಸ್ಥರು ಸಿಕ್ಕರು. ಮೊದಲು ದ್ರಾಕ್ಷಿಯ ಸುದ್ದಿ ಹೇಳಿದರು. ಆಮೇಲೆ ನಾನೇ ಪರೀಕ್ಷೆಯ ವಿಚಾರ ಎತ್ತಿದೆ. ಬಹಳ ಚೆನ್ನಾಗಿ ಆಯಿತಂತೆ. ಆಡಳಿತ ಮಂಡಳಿಯವರಿಗೆ ಪ್ರಾಣಿ ಕೊಲ್ಲುವುದು ಇಷ್ಟವಿಲ್ಲ ಎಂದು ಹಿರಿಯ ಸರ್ ಪರೀಕ್ಷಕರಿಗೆ ಹೇಳಿದರಂತೆ. ಪರೀಕ್ಷಕರು ಕೂಡಲೇ ಒಪ್ಪಿದರಂತೆ. ಗೋಡೆಗೆ ಕಪ್ಪೆಯ ಚಿತ್ರ ತೂಗುಹಾಕಿ, ಕೋಲಿನಿಂದ ತೋರಿಸಿ ಪ್ರಶ್ನೆ ಕೇಳಿದರಂತೆ. ಎಲ್ಲ ಹುಡುಗರೂ ಪಾಸು. ಇನ್ನು ಮುಂದೆಯೂ ಹಾಗೆಯೇ ಎಂದು ಗೊತ್ತುಮಾಡಿಕೊಂಡಿದ್ದರಂತೆ.

ಹಾಗಾದರೆ ನಾನು ಇಷ್ಟು ವರ್ಷ ಕೊಯ್ದದ್ದು ಯಾತಕ್ಕೆ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದರು.

"ನೀವು ಕೊಯ್ಯಾಕತ್ತಿದ್ರೆಲ್ರಿ ಮೇಡಂ," ಎಂದರು. "ಅದಕ್ಕ ಯಾರೂ ಪರೀಕ್ಷಕರನ್ನ ಕೇಳಾಕ ಹೋಗಲಿಲ್ರಿ."