ನಂಬರಿಲ್ಲದ ಎಂಟು ಮನೆಗಳು

ನಾನು ನಂಜನಗೂಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಾಗ ಮತದಾರರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಯಿತು. ಬಿಟ್ಟುಹೋದವರನ್ನು ಮನೆಮನೆಗೆ ಹೋಗಿ ಸೇರಿಸುವ ಜವಾಬ್ದಾರಿ ನಮ್ಮ ತಲೆಗೆ ಬಂತು. ಶಾಲೆ ಬಿಟ್ಟ ಮೇಲೆ ಅರ್ಜಿಗಳ ಕಟ್ಟು ಹಿಡಿದು ಸುತ್ತುತ್ತಿದ್ದೆ.

ಕಪಿಲೆಯ ದಡದಲ್ಲಿ ಬಿದಿರು ಬುಟ್ಟಿ ಹೆಣೆಯುವವರ ಎಂಟು ಗುಡಿಸಲುಗಳಿದ್ದವು. ಹಳೆಯ ಪಟ್ಟಿಯಲ್ಲಿ ಅಲ್ಲಿನ ಒಬ್ಬರ ಹೆಸರೂ ಇರಲಿಲ್ಲ. ಬಿದಿರು ಸೀಳುತ್ತ ಕೂತಿದ್ದ ಅಜ್ಜಿಯೊಬ್ಬಳು ನನ್ನ ಕೈಯಲ್ಲಿದ್ದ ಅರ್ಜಿ ನೋಡಿ ನಕ್ಕಳು.

"ಎಲೆಕ್ಸನ್ ಬಂದ್ರೂ ಈ ಕಡೀಕೆ ಯಾರೂ ಬರಾಕಿಲ್ಲ ಮೇಡಮ್ಮಾ. ಓಟಿಲ್ದೋರ್ ಅತ್ರ ಯಾಕ್ ಬಂದಾರು?"

ಅವಳಿಗದು ತಮಾಷೆ, ದಿನಾ ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದ ನನಗೆ ನಾಚಿಕೆಯಾಯಿತು. ಅಲ್ಲೇ ಕೂತು ಹತ್ತೊಂಬತ್ತು ಜನರ ಅರ್ಜಿ ತುಂಬಿದೆ.

ತಾಲ್ಲೂಕು ಕಚೇರಿಯ ಗುಮಾಸ್ತ ಅಷ್ಟನ್ನೂ ವಾಪಸ್ ಕೊಟ್ಟ. "ಮನೆ ನಂಬರೇ ಇಲ್ವಲ್ಲ ಮೇಡಂ. ಇದು ಖಾಲಿ ಇದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ."

"ನಂಬರ್ ಯಾರೂ ಕೊಟ್ಟೇ ಇಲ್ಲ. ಅದಕ್ಕೆ ಅವರೇನ್ ಮಾಡ್ಬೇಕು?" ಎಂದು ದನಿ ಏರಿಸಿದೆ.

ಪಕ್ಕದ ಮೇಜಿನ ಹಿರಿಯ ಅಧಿಕಾರಿ ತಲೆಯೆತ್ತಿ, "ಪಟ್ಟಿಗೋಸ್ಕರ ನೀವೇ ಒಂದರಿಂದ ಎಂಟು ಅಂತ ಕೊಡಿ. ಅದಕ್ಕೆ ಅವಕಾಶ ಇದೆ" ಎಂದರು.

ಮರುದಿನ ಸಂಜೆ ಶಾಲೆಯಲ್ಲಿ ಉಳಿದಿದ್ದ ನೀಲಿ ಬಣ್ಣ, ಬ್ರಷ್ಷು ಹಿಡಿದು ಹೋದೆ. ಎಲ್ಲರಿಗೂ ಒಂದನೇ ನಂಬರೇ ಬೇಕು! ವಾರಗಿತ್ತಿಯರಿಬ್ಬರು ಜಗಳಕ್ಕೇ ನಿಂತರು. ಕೊನೆಗೆ ಅಜ್ಜಿ ಎದ್ದಳು.

"ಪ್ರವಾಹ ಬಂದ್ರೆ ನೀರು ಮೊದ್ಲು ಯಾರ್ ಮನೆಗೆ ನುಗ್ತದೋ, ಅವರ್ದೇ ಒಂದ್ನೇ ನಂಬ್ರು."

ವಾರಗಿತ್ತಿಯರು ಜಗಳ ಬಿಟ್ಟು ಪಕ್ಕಕ್ಕೆ ಸರಿದರು. ಹೊಳೆಗೆ ತೀರಾ ಹತ್ತಿರವಿದ್ದದ್ದು ಅಜ್ಜಿಯದೇ ಗುಡಿಸಲು. ಅವಳ ಬಾಗಿಲ ಮೇಲೆ ದಪ್ಪಗೆ ಒಂದು ಎಂದು ಬರೆದೆ.

ಹೊಸ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರೂ ಬಂದವು. ಮತದಾನದ ದಿನ ನನಗೆ ಮೂಗೂರಿನ ಕಡೆ ಡ್ಯೂಟಿ. ಮಾರನೆಯ ದಿನ ಹೊಳೆ ಕಡೆ ಹೋದರೆ, ಅಜ್ಜಿ ಶಾಯಿ ಹಚ್ಚಿದ ಬೆರಳನ್ನು ದೂರದಿಂದಲೇ ಎತ್ತಿ ತೋರಿಸಿದಳು.

"ನೀವೂ ಆಕುದ್ರಾ ಮೇಡಮ್ಮಾ?"

ಡ್ಯೂಟಿಯಲ್ಲಿದ್ದವರು ಅಂಚೆಯಲ್ಲಿ ಮತ ಹಾಕಬೇಕಿತ್ತು. ಈ ಓಡಾಟದಲ್ಲಿ ಅದಕ್ಕೆ ಅರ್ಜಿ ಕೊಡುವುದನ್ನೇ ನಾನು ಮರೆತಿದ್ದೆ. ತಲೆ ತಗ್ಗಿಸಿ ಹಾಗೆಂದೆ.

ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಮ್ಮುನ್ನೆಲ್ಲ ಕಳಿಸ್ಬುಟ್ಟು ನೀವೇ ಆಕ್ಲಿಲ್ವಾ! ಬನ್ನಿ, ಕಾಪಿನಾದ್ರೂ ಕುಡೀರಿ" ಎಂದು ಸೊಸೆಯನ್ನು ಕೂಗಿದಳು.